ಅಡ್ಡಿ ಎಲ್ಲಿದೆ? ಅಳೆದು ನೋಡೋಣ

ಮಕ್ಕಳೇ, ನಿಮ್ಮ ತರಗತಿಯಲ್ಲಿ ಹೀಗೊಬ್ಬ ಸಹಪಾಠಿ ಇರಬಹುದು. ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಉಕ್ತಲೇಖನದಲ್ಲಿ 'ಸರ' ಎಂದರೆ 'ಹರ' ಎಂದು ಬರೆಯುತ್ತಾಳೆ. ಪ್ರಶ್ನೆ ಕೇಳಿದರೆ ಪಕ್ಕದವಳ ಮುಖ ನೋಡುತ್ತಾಳೆ. ಎಲ್ಲರೂ ನಕ್ಕಾಗ ಒಂದು ಕ್ಷಣ ತಡವಾಗಿ ನಗುತ್ತಾಳೆ. ಇಂತಹ ಮಗುವನ್ನು ಕೆಲವರು 'ಮಂದ' ಎನ್ನುತ್ತಾರೆ, ಕೆಲವರು 'ಸೊಕ್ಕು' ಎನ್ನುತ್ತಾರೆ. ಅವಳಿಗೆ ಸರಿಯಾಗಿ ಕೇಳಿಸುತ್ತಿಲ್ಲ ಎಂಬುದು ಯಾರಿಗೂ ಹೊಳೆಯದೆ ಒಂದೆರಡು ವರ್ಷವೇ ಕಳೆದುಬಿಡಬಹುದು. ಅಷ್ಟರಲ್ಲಿ ಎಷ್ಟೋ ಪಾಠಗಳು ಅವಳ ಕೈ ತಪ್ಪಿರುತ್ತವೆ.

ಕಿವಿ, ಕಣ್ಣು, ಕೈಕಾಲು, ಮಾತು, ಓದು, ಹೀಗೆ ಯಾವುದಾದರೂ ಒಂದರಲ್ಲಿ ತೊಂದರೆ ಇರುವ ಮಕ್ಕಳನ್ನು 'ವಿಶೇಷ ಅಗತ್ಯವುಳ್ಳ ಮಕ್ಕಳು' ಎಂದು ಕರೆಯುತ್ತೇವೆ. ಅವರ ಬಗ್ಗೆ ಕರುಣೆ ತೋರಿಸಿ ಎಂದು ಹೇಳಲು ಈ ಲೇಖನ ಬರೆದಿಲ್ಲ. ನೀವು ವಿಜ್ಞಾನದಲ್ಲಿ ಓದುವ ಶಬ್ದ, ಬೆಳಕು, ಬಲ, ಇಳಿಜಾರು ಈ ಪಾಠಗಳನ್ನು ಇಟ್ಟುಕೊಂಡೇ ಅವರಿಗೆ ಎದುರಾಗುವ ಅಡ್ಡಿ ಎಲ್ಲಿದೆ ಎಂದು ಹುಡುಕೋಣ, ಬನ್ನಿ. ಒಂದು ಅಳತೆಪಟ್ಟಿ, ಒಂದು ರಬ್ಬರ್ ಬ್ಯಾಂಡ್, ಒಂದು ಕೂದಲಿನ ಪಿನ್ನು ಇದ್ದರೆ ಸಾಕು.

ನಲ್ಲಿ ಎಷ್ಟು ಎತ್ತರದಲ್ಲಿದೆ?

ಮೊದಲು ಒಂದು ಸುಲಭದ ಉದಾಹರಣೆ ನೋಡೋಣ. ಶಾಲೆಯ ಅಂಗಳದಲ್ಲಿ ಕುಡಿಯುವ ನೀರಿನ ನಲ್ಲಿ ಇದೆ. ಏಳನೆಯ ತರಗತಿಯ ನಿಮಗೆ ಅದು ಸುಲಭವಾಗಿ ಸಿಗುತ್ತದೆ. ಒಂದನೆಯ ತರಗತಿಯ ಪುಟ್ಟ ಮಗು ತುದಿಗಾಲಲ್ಲಿ ನಿಂತರೂ ಎಟುಕುವುದಿಲ್ಲ. ನೀರು ಕುಡಿಯಲಾಗದ್ದು ಆ ಮಗುವಿನ ದೋಷವೇ? ಅಲ್ಲ. ದೊಡ್ಡವರ ಎತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ನಲ್ಲಿ ಕೂರಿಸಿದ್ದಾರೆ, ಅಷ್ಟೆ. ಅದರ ಕೆಳಗೆ ಒಂದು ಕಲ್ಲುಚಪ್ಪಡಿ ಇಟ್ಟರೆ ಸಮಸ್ಯೆ ಮುಗಿಯಿತು. ಮಗುವಿನ ಎತ್ತರ ಬದಲಾಗಲಿಲ್ಲ. ಬದಲಾದದ್ದು ನಾವು ಮಾಡಿದ ಏರ್ಪಾಡು.

ಇದರಿಂದ ಏನು ತಿಳಿಯುತ್ತದೆ? ಯಾರಿಗಾದರೂ ಒಂದು ಕೆಲಸ ಮಾಡಲಾಗದಿದ್ದರೆ ಅದಕ್ಕೆ ಎರಡು ಕಾರಣ ಇರಬಹುದು. ಒಂದು ದೇಹಕ್ಕೆ ಸಂಬಂಧಿಸಿದ್ದು. ಇನ್ನೊಂದು ಸುತ್ತಲಿನ ಏರ್ಪಾಡಿಗೆ ಸಂಬಂಧಿಸಿದ್ದು. ಮೊದಲನೆಯದನ್ನು ವೈದ್ಯರು ನೋಡಬೇಕು, ಕೆಲವೊಮ್ಮೆ ಅವರಿಂದಲೂ ಪೂರ್ತಿ ಸರಿಪಡಿಸಲು ಆಗುವುದಿಲ್ಲ. ಎರಡನೆಯದನ್ನು ಅಳೆಯಬಹುದು, ಬದಲಾಯಿಸಬಹುದು. ಅದರಲ್ಲಿ ಎಷ್ಟೋ ಭಾಗವನ್ನು ವಿದ್ಯಾರ್ಥಿಗಳಾದ ನೀವೇ ಬದಲಾಯಿಸಬಹುದು.

ಮೆಟ್ಟಿಲು ಮತ್ತು ಇಳಿಜಾರು

ಗಾಲಿಕುರ್ಚಿಯಲ್ಲಿ ಬರುವ ಹುಡುಗನಿಗೆ ಮೂರೇ ಮೂರು ಮೆಟ್ಟಿಲು ಸಾಕು, ತರಗತಿಯ ಬಾಗಿಲು ಮುಚ್ಚಿದಂತೆ. ಒಂದು ಮೆಟ್ಟಿಲು 15 ಸೆಂಟಿಮೀಟರ್ ಎಂದುಕೊಳ್ಳಿ. ಮೂರು ಮೆಟ್ಟಿಲಿಗೆ 45 ಸೆಂಟಿಮೀಟರ್ ಎತ್ತರ. ಹುಡುಗನ ತೂಕ 30 ಕಿಲೋಗ್ರಾಂ, ಕುರ್ಚಿಯದು 18 ಕಿಲೋಗ್ರಾಂ ಆದರೆ ಒಟ್ಟು 48 ಕಿಲೋಗ್ರಾಂ. ಪ್ರತಿದಿನ ಇಷ್ಟು ಭಾರವನ್ನು ಯಾರಾದರೂ ಹೊತ್ತು ಏರಿಸಬೇಕು, ಮತ್ತೆ ಇಳಿಸಬೇಕು. ನೀರು ಕುಡಿಯಲು ಹೋಗಬೇಕಾದರೂ, ಶೌಚಾಲಯಕ್ಕೆ ಹೋಗಬೇಕಾದರೂ ಆತ ಇನ್ನೊಬ್ಬರನ್ನು ಕರೆಯಬೇಕು. ಕರೆಯಲು ಸಂಕೋಚಪಟ್ಟು ಬೆಳಗಿನಿಂದ ನೀರನ್ನೇ ಕುಡಿಯದೆ ಕೂರುವ ಮಕ್ಕಳೂ ಇದ್ದಾರೆ.

ಇಲ್ಲಿ ನಿಮ್ಮ ಸರಳ ಯಂತ್ರಗಳ ಪಾಠ ನೆನಪಿಗೆ ತಂದುಕೊಳ್ಳಿ. ಲಾರಿಗೆ ಪೀಪಾಯಿ ಏರಿಸುವವರು ಹಲಗೆಯನ್ನು ಓರೆಯಾಗಿ ಇಟ್ಟು ಉರುಳಿಸುತ್ತಾರಲ್ಲವೇ? ಅದೇ ಇಳಿಜಾರು ಸಮತಲ. ಅದು ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಬೇಕಾಗುವ ಬಲವನ್ನು ಕಡಿಮೆ ಮಾಡುತ್ತದೆ. ಬಲ ಕಡಿಮೆಯಾದಷ್ಟೂ ಸಾಗಬೇಕಾದ ದೂರ ಹೆಚ್ಚುತ್ತದೆ. 1 ಅಡಿ ಎತ್ತರ ಏರಲು 4 ಅಡಿ ಉದ್ದದ ಇಳಿಜಾರು ಇದ್ದರೆ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, 48 ಕಿಲೋಗ್ರಾಂ ಭಾರಕ್ಕೆ ಸುಮಾರು 12 ಕಿಲೋಗ್ರಾಂ ಎತ್ತುವಷ್ಟು ಬಲ ಬೇಕು. ಅದೇ 12 ಅಡಿ ಉದ್ದದ ಇಳಿಜಾರಾದರೆ ಸುಮಾರು 4 ಕಿಲೋಗ್ರಾಂ ಎತ್ತುವಷ್ಟು ಬಲ ಸಾಕು. ಅಷ್ಟನ್ನು ಆ ಹುಡುಗನ ಕೈಗಳೇ ಮಾಡಬಲ್ಲವು.

ಆದ್ದರಿಂದಲೇ ನಮ್ಮ ದೇಶದಲ್ಲಿ ಸಾರ್ವಜನಿಕ ಕಟ್ಟಡಗಳ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು ಎಂಬ ನಿಯಮವಿದೆ. ನಮ್ಮ 45 ಸೆಂಟಿಮೀಟರ್ ಎತ್ತರಕ್ಕೆ 5 ಮೀಟರ್ 40 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಇಳಿಜಾರು ಇದೆ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಡಿದಾಗಿದ್ದರೆ ಕುರ್ಚಿ ಹಿಂದಕ್ಕೆ ಮಗುಚಬಹುದು. ಕೆಳತುದಿಯಲ್ಲಿ ಮಣ್ಣು ಕೊಚ್ಚಿಹೋಗಿ ಒಂದು ಗೇಣು ಹಳ್ಳ ಬಿದ್ದಿದ್ದರೆ ಚಕ್ರ ಅಲ್ಲೇ ನಿಲ್ಲುತ್ತದೆ. ಮೇಲ್ತುದಿಯಲ್ಲಿ ಸಮತಟ್ಟಾದ ಜಾಗ ಇಲ್ಲದಿದ್ದರೆ ಬಾಗಿಲು ತೆರೆಯುವಾಗ ಕುರ್ಚಿ ಹಿಂದೆ ಜಾರುತ್ತದೆ. ಎಷ್ಟೋ ಕಡೆ ಇಳಿಜಾರಿನ ಮೇಲೆ ಸೈಕಲ್ಲುಗಳು ನಿಂತಿರುತ್ತವೆ!

ಮಾಡಿ ನೋಡಿ – 1

96 ಸೆಂಟಿಮೀಟರ್ ಉದ್ದದ ಹಲಗೆ ತೆಗೆದುಕೊಳ್ಳಿ. ಒಂದು ಆಟಿಕೆ ಗಾಡಿಯಲ್ಲಿ ಕಲ್ಲು ತುಂಬಿ ಅದಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ. ಹಲಗೆಯ ಒಂದು ತುದಿಯನ್ನು 8 ಸೆಂಟಿಮೀಟರ್ ಎತ್ತರಿಸಿ ಗಾಡಿಯನ್ನು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ರಬ್ಬರ್ ಬ್ಯಾಂಡ್ ಎಷ್ಟು ಹಿಗ್ಗಿತು ಎಂದು ಅಳೆಯಿರಿ. ಇದು 1:12. ಈಗ ಅದೇ ತುದಿಯನ್ನು 24 ಸೆಂಟಿಮೀಟರ್ ಎತ್ತರಿಸಿ ಎಳೆಯಿರಿ. ಇದು 1:4. ಕೊನೆಗೆ ಗಾಡಿಯನ್ನು ನೇರವಾಗಿ ಮೇಲಕ್ಕೆ ಎತ್ತಿ. ಮೂರು ಅಳತೆಗಳನ್ನು ಪಟ್ಟಿ ಮಾಡಿ. ಆಮೇಲೆ ನಿಮ್ಮ ಶಾಲೆಯ ಇಳಿಜಾರಿನ ಉದ್ದವನ್ನು ಅದರ ಎತ್ತರದಿಂದ ಭಾಗಿಸಿ. ಉತ್ತರ 12 ಅಥವಾ ಅದಕ್ಕಿಂತ ಹೆಚ್ಚು ಬಂತೇ?

ಹಿಂದಿನ ಬೆಂಚಿಗೆ ತಲುಪದ ಮಾತು

ಮೆಟ್ಟಿಲಿನ ಅಡ್ಡಿ ಕಣ್ಣಿಗೆ ಕಾಣುತ್ತದೆ. ಶಬ್ದದ ಅಡ್ಡಿ ಕಾಣುವುದಿಲ್ಲ. ಅದಕ್ಕಾಗಿ ಅದರ ಬಗ್ಗೆ ಸ್ವಲ್ಪ ವಿವರವಾಗಿ ತಿಳಿಯೋಣ.

ಮಾತು ಗಾಳಿಯಲ್ಲಿ ಕಂಪನಗಳಾಗಿ ಬಂದು ಕಿವಿಯ ತಮಟೆಯನ್ನು ತಟ್ಟುತ್ತದೆ. ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಸರಪಳಿಯಂತೆ ಇವೆ. ಅವು ಕಂಪನವನ್ನು ಒಳಗಿವಿಗೆ ಸಾಗಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕರ್ಣಶಂಖ ಇದೆ. ಅದರೊಳಗಿನ ಸುಮಾರು 15 ಸಾವಿರ ಕೂದಲುಕೋಶಗಳು ಕಂಪನವನ್ನು ನರಸಂದೇಶವಾಗಿ ಬದಲಾಯಿಸಿ ಮಿದುಳಿಗೆ ಕಳುಹಿಸುತ್ತವೆ. ಈ ಕೂದಲುಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ತೊಂದರೆ ಎರಡು ಕಡೆ ಬರಬಹುದು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾದರೆ, ತಮಟೆ ತೂತಾದರೆ, ನಡುಗಿವಿಯಲ್ಲಿ ಕೀವು ತುಂಬಿದರೆ ಶಬ್ದ ಒಳಗೆ ಸರಿಯಾಗಿ ಸಾಗುವುದಿಲ್ಲ. ಇಂತಹ ತೊಂದರೆಗಳಲ್ಲಿ ಹೆಚ್ಚಿನವನ್ನು ಚಿಕಿತ್ಸೆಯಿಂದ ಗುಣಪಡಿಸಬಹುದು. ಕೂದಲುಕೋಶ ಅಥವಾ ನರಕ್ಕೆ ಹಾನಿಯಾಗಿದ್ದರೆ ಶ್ರವಣ ಸಾಧನದಂತಹ ನೆರವು ಬೇಕಾಗುತ್ತದೆ.

ಈಗ ತರಗತಿಗೆ ಬರೋಣ. ಶಬ್ದದ ಜೋರನ್ನು ಡೆಸಿಬೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಾಮಾನ್ಯ ಮಾತು 1 ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್ ಇರುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಕಡಿಮೆಯಾಗುತ್ತದೆ. ಅಂದರೆ 2 ಮೀಟರಿನಲ್ಲಿ 54, 4 ಮೀಟರಿನಲ್ಲಿ 48, 8 ಮೀಟರಿನಲ್ಲಿ 42. ಕೋಣೆಯೊಳಗೆ ಗೋಡೆಗೆ ಬಡಿದು ವಾಪಸಾದ ಶಬ್ದವೂ ಸೇರುವುದರಿಂದ ಇಳಿಕೆ ಇಷ್ಟಿರುವುದಿಲ್ಲ. ಆದರೆ ಹಾಗೆ ವಾಪಸಾದ ಶಬ್ದ ಒಂದು ಅಕ್ಷರದ ಮೇಲೆ ಇನ್ನೊಂದು ಅಕ್ಷರವನ್ನು ಹರಡಿ ಮಾತನ್ನು ಕಲಸಿಬಿಡುತ್ತದೆ. ಬರಿಗೋಡೆಯ, ತಗಡಿನ ಛಾವಣಿಯ ಕೋಣೆಯಲ್ಲಿ ಇದು ಇನ್ನೂ ಹೆಚ್ಚು. ಹಿಂದಿನ ಬೆಂಚಿನ ಬಳಿ ಪಿಸುಮಾತು, ಬೆಂಚಿನ ಕಿರುಗುಟ್ಟುವಿಕೆ, ಪಕ್ಕದ ತರಗತಿಯ ಮಗ್ಗಿ ಎಲ್ಲ ಸೇರಿ 50 ಡೆಸಿಬೆಲ್ ಆಗಿದ್ದರೆ ಏನಾಗುತ್ತದೆ? ಶಿಕ್ಷಕರ ಮಾತು ಗದ್ದಲದೊಳಗೆ ಮುಳುಗುತ್ತದೆ.

ಚೆನ್ನಾಗಿ ಕೇಳಿಸುವವರು ಅರ್ಧ ಕೇಳಿದ ಮಾತನ್ನು ಊಹಿಸಿ ಪೂರ್ತಿ ಮಾಡಿಕೊಳ್ಳುತ್ತಾರೆ. ಕಡಿಮೆ ಕೇಳಿಸುವ ಮಗುವಿಗೆ ಊಹಿಸಲು ಬೇಕಾದ ಅರ್ಧವೂ ಸಿಗುವುದಿಲ್ಲ. ಅದರಲ್ಲೂ ಎಲ್ಲ ಅಕ್ಷರಗಳೂ ಒಂದೇ ಬಗೆಯಲ್ಲಿ ಕಳೆದುಹೋಗುವುದಿಲ್ಲ. ಆ, ಓ, ಊ ಮುಂತಾದ ಸ್ವರಗಳು ಜೋರಾಗಿರುತ್ತವೆ, ಅವುಗಳ ಆವೃತ್ತಿ ಕಡಿಮೆ. 'ಸ' ಎಂಬ ವ್ಯಂಜನ ಬಹಳ ಮೆಲುವಾದದ್ದು, ಅದರ ಕಂಪನಗಳು ಬಹುಪಾಲು ಸೆಕೆಂಡಿಗೆ 4000ಕ್ಕಿಂತ ಮೇಲಿರುತ್ತವೆ. ಎತ್ತರದ ಆವೃತ್ತಿಗಳನ್ನು ಗ್ರಹಿಸುವ ಕೂದಲುಕೋಶಗಳು ಹಾನಿಯಾಗಿರುವ ಮಗುವಿಗೆ ಧ್ವನಿ ಕೇಳಿಸುತ್ತದೆ, ಪದ ಕೇಳಿಸುವುದಿಲ್ಲ. ಆದ್ದರಿಂದಲೇ 'ಸರ' ಹೋಗಿ 'ಹರ' ಆಗುತ್ತದೆ. 'ಅವಳಿಗೆ ಕಿವಿ ಕೇಳುತ್ತದೆ, ಬೇಕೆಂದೇ ಹೀಗೆ ಮಾಡುತ್ತಾಳೆ' ಎಂದು ಹೇಳುವುದು ಎಷ್ಟು ತಪ್ಪು ನೋಡಿ.

ಪರ, ಬರ, ಮರ

ಕಡಿಮೆ ಕೇಳಿಸುವವರು ಮಾತನಾಡುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ ಎಂದು ನೀವು ಕೇಳಿರಬಹುದು. ಅದು ಎಷ್ಟರಮಟ್ಟಿಗೆ ಸಾಧ್ಯ? ನೀವೇ ಪರೀಕ್ಷಿಸಿ.

ಮಾಡಿ ನೋಡಿ – 2

ಗೆಳೆಯನ ಎದುರು ಕುಳಿತು ಧ್ವನಿ ಹೊರಡಿಸದೆ, ಬರೀ ತುಟಿ ಆಡಿಸಿ 'ಮರ', 'ತರ' ಎಂಬ ಎರಡು ಪದಗಳಲ್ಲಿ ಒಂದನ್ನು ಹೇಳಿ. ಆತ ಸುಲಭವಾಗಿ ಗುರುತಿಸುತ್ತಾನೆ. 'ಮ' ಹೇಳುವಾಗ ತುಟಿ ಮುಚ್ಚುತ್ತದೆ, 'ತ' ಹೇಳುವಾಗ ಮುಚ್ಚುವುದಿಲ್ಲ. ಈಗ 'ಪರ', 'ಬರ', 'ಮರ' ಈ ಮೂರರಲ್ಲಿ ಒಂದನ್ನು ಹೇಳಿ. ಹತ್ತು ಸಲ ಬೇರೆ ಬೇರೆ ಕ್ರಮದಲ್ಲಿ ಹೇಳಿ, ಎಷ್ಟು ಸರಿಯಾಯಿತು ಎಂದು ಬರೆದಿಡಿ. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುವುದರಿಂದ ಊಹೆಯೇ ಗತಿ!

ನೋಡಿದಿರಾ? ತುಟಿ ಸ್ವಲ್ಪ ಹೇಳುತ್ತದೆ, ಕಿವಿ ಸ್ವಲ್ಪ ಹೇಳುತ್ತದೆ. ಎರಡೂ ಸೇರಿದರೆ ಮಾತು ತಿಳಿಯುತ್ತದೆ. ತುಟಿ ಕಾಣಬೇಕಾದರೆ ಮುಖದ ಮೇಲೆ ಬೆಳಕು ಬೀಳಬೇಕು. ಮಾತನಾಡುವವರು ಕಿಟಕಿಗೆ ಬೆನ್ನು ಮಾಡಿ ನಿಂತರೆ ಬೆಳಕು ಹಿಂದಿನಿಂದ ಬಂದು ಮುಖ ಕಪ್ಪಾಗಿ ಕಾಣುತ್ತದೆ. ಹಲಗೆಯ ಕಡೆ ತಿರುಗಿ ಮಾತನಾಡಿದರೆ ತುಟಿಯೂ ಇಲ್ಲ, ಧ್ವನಿಯೂ ಗೋಡೆಯ ಪಾಲು.

ಶ್ರವಣ ಸಾಧನ ಹಾಕಿಕೊಂಡ ಮೇಲೆ ಎಲ್ಲವೂ ಸರಿಹೋಯಿತು ಎಂದು ತಿಳಿಯಬೇಡಿ. ಕನ್ನಡಕ ಹಾಕಿದ ತಕ್ಷಣ ಹಲಗೆ ಸ್ಪಷ್ಟವಾಗುವಂತೆ ಇದು ಆಗುವುದಿಲ್ಲ. ಸಾಧನ ಶಬ್ದವನ್ನು ಹೆಚ್ಚಿಸುತ್ತದೆ, ಆದರೆ ಶಿಕ್ಷಕರ ಮಾತಿನ ಜೊತೆಗೆ ಬೆಂಚು ಎಳೆದ ಸದ್ದೂ ಹೆಚ್ಚುತ್ತದೆ. ಅದನ್ನು ಹಾಕಿಕೊಂಡ ಮಗು ಕೆಲವೊಮ್ಮೆ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುವುದು ಇದಕ್ಕೇ. ಬೆಂಚಿನ ಕಾಲುಗಳಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕಟ್ಟಿದರೆ ಕಿರುಗುಟ್ಟುವುದು ನಿಲ್ಲುತ್ತದೆ. ಗೋಡೆಗೆ ಚಾಪೆ, ಗೋಣಿತಟ್ಟು ಅಥವಾ ದಪ್ಪ ಬಟ್ಟೆ ತೂಗುಹಾಕಿದರೆ ಪ್ರತಿಧ್ವನಿ ತಗ್ಗುತ್ತದೆ. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿದ್ದರೆ ಅದಕ್ಕೆ ಖರ್ಚೇ ಇಲ್ಲ. ಇದರಿಂದ ಲಾಭವಾಗುವುದು ಒಂದು ಮಗುವಿಗೆ ಮಾತ್ರವಲ್ಲ, ಹಿಂದಿನ ಬೆಂಚಿನ ಎಲ್ಲರಿಗೂ.

ಪೂರ್ತಿ ಕಿವಿ ಕೇಳಿಸದವರು ಸಂಜ್ಞಾ ಭಾಷೆಯನ್ನು ಬಳಸುತ್ತಾರೆ. ಅದು ಬರೀ ಕೈಸನ್ನೆಯ ಆಟವಲ್ಲ, ತನ್ನದೇ ವ್ಯಾಕರಣ ಇರುವ ಪೂರ್ಣ ಭಾಷೆ. ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆಗಾಗಿ 2015ರಲ್ಲಿ ದೆಹಲಿಯಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು. 2021ರ ಹೊತ್ತಿಗೆ ಅದು ಸಿದ್ಧಪಡಿಸಿದ ನಿಘಂಟಿನಲ್ಲಿ 10,000 ಪದಗಳಿದ್ದವು. ಪ್ರತಿವರ್ಷ ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನ. ನಮ್ಮ ರಾಜ್ಯದವರಿಗೆ ಇನ್ನೊಂದು ಅನುಕೂಲವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತು ಮತ್ತು ಶ್ರವಣದ ತೊಂದರೆಗಳಿಗಾಗಿಯೇ ಇರುವ ರಾಷ್ಟ್ರೀಯ ಸಂಸ್ಥೆ.

ನೆನಪಿಡಿ: ಕಿವಿ ಸೋರುತ್ತಿದ್ದರೆ

ಮಕ್ಕಳಲ್ಲಿ ಕಾಣುವ ಕಿವುಡುತನದಲ್ಲಿ ಶೇಕಡಾ 60ರಷ್ಟನ್ನು ತಡೆಯಲು ಸಾಧ್ಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ದಡಾರ, ರುಬೆಲ್ಲಾ ಲಸಿಕೆ ಹಾಕಿಸುವುದು ಒಂದು ದಾರಿ. ಕಿವಿ ಸೋರುವುದನ್ನು ಅಲಕ್ಷಿಸದಿರುವುದು ಇನ್ನೊಂದು. ಶೀತವಾದಾಗ ಗಂಟಲಿನಿಂದ ನಡುಗಿವಿಗೆ ಹೋಗುವ ನಳಿಕೆಯ ಮೂಲಕ ರೋಗಾಣುಗಳು ಸೇರಿ ಕೀವಾಗಬಹುದು. ಕೀವಿನ ಒತ್ತಡಕ್ಕೆ ತಮಟೆ ತೂತಾಗಿ ಕಿವಿ ಸೋರುತ್ತದೆ. ಆಗ ಬಿಸಿ ಎಣ್ಣೆ ಬಿಡಬೇಡಿ. ಕಡ್ಡಿ, ಪಿನ್ನು, ಪೆನ್ನಿನ ಮುಚ್ಚಳ ಹಾಕಬೇಡಿ. ಕೆರೆ, ಬಾವಿಯಲ್ಲಿ ಮುಳುಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಕೆನ್ನೆಗೆ, ಕಿವಿಯ ಮೇಲೆ ಹೊಡೆಯುವ ಆಟವನ್ನು ಯಾರೊಂದಿಗೂ ಆಡಬೇಡಿ, ಅದರಿಂದಲೂ ತಮಟೆ ಹರಿಯಬಹುದು.

ಬೆರಳ ತುದಿಯ ಓದು

ಶಬ್ದದಿಂದ ಈಗ ಸ್ಪರ್ಶದ ಕಡೆಗೆ ಹೋಗೋಣ. ಕಣ್ಣು ಕಾಣದ ಮಗುವಿಗೆ ಅಚ್ಚಾದ ಪುಸ್ತಕ ಬರೀ ನುಣುಪಾದ ಹಾಳೆ. ಇದನ್ನು ಬದಲಾಯಿಸಿದವನು ನಿಮಗಿಂತ ಒಂದೆರಡು ವರ್ಷ ದೊಡ್ಡವನಾದ ಒಬ್ಬ ಹುಡುಗ.

ಲೂಯಿ ಬ್ರೈಲ್ 1809ರ ಜನವರಿ 4ರಂದು ಫ್ರಾನ್ಸ್ ದೇಶದ ಕೂಪ್ರೇ ಎಂಬ ಹಳ್ಳಿಯಲ್ಲಿ ಹುಟ್ಟಿದ. ಅವನ ತಂದೆ ಕುದುರೆಯ ಜೀನು ತಯಾರಿಸುತ್ತಿದ್ದರು. ಮೂರು ವರ್ಷದವನಿದ್ದಾಗ ಚರ್ಮ ಚುಚ್ಚುವ ದಬ್ಬಳ ಒಂದು ಕಣ್ಣಿಗೆ ತಗುಲಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ ಐದನೆಯ ವಯಸ್ಸಿಗೆ ಎರಡೂ ಕಣ್ಣು ಹೋದವು. ಹತ್ತನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಗೆ ಸೇರಿದ. ಅಲ್ಲಿ ದಪ್ಪ ಉಬ್ಬಕ್ಷರಗಳ ಭಾರಿ ಗಾತ್ರದ ಪುಸ್ತಕಗಳು ಕೆಲವೇ ಇದ್ದವು. ಆ ಸಮಯಕ್ಕೆ ಬಾರ್ಬಿಯೇ ಎಂಬ ಸೇನಾಧಿಕಾರಿ ಕತ್ತಲಲ್ಲೂ ಮುಟ್ಟಿ ಓದಬಹುದಾದ ಚುಕ್ಕೆಗಳ ಲಿಪಿಯನ್ನು ಆ ಶಾಲೆಗೆ ತಂದು ತೋರಿಸಿದ. ಅದರಲ್ಲಿ ಒಂದು ಗುರುತಿಗೆ 12 ಚುಕ್ಕೆಗಳವರೆಗೆ ಇರುತ್ತಿದ್ದವು. ಅಷ್ಟೂ ಚುಕ್ಕೆಗಳು ಒಂದು ಬೆರಳ ತುದಿಯಲ್ಲಿ ಹಿಡಿಸುವುದಿಲ್ಲ, ಬೆರಳನ್ನು ಮೇಲೆ ಕೆಳಗೆ ಆಡಿಸಬೇಕು. ಲೂಯಿ ಅದನ್ನು 6 ಚುಕ್ಕೆಗಳಿಗೆ ಇಳಿಸಿದ. ಆಗ ಅವನಿಗೆ 15 ವರ್ಷ.

ಆರೇ ಚುಕ್ಕೆ ಸಾಕೇ? ಲೆಕ್ಕ ಮಾಡಿ. ಪ್ರತಿ ಚುಕ್ಕೆಯೂ ಉಬ್ಬಿರಬಹುದು ಅಥವಾ ಉಬ್ಬದೆ ಇರಬಹುದು, ಎರಡೇ ಸಾಧ್ಯತೆ. ಆರು ಚುಕ್ಕೆಗೆ 2×2×2×2×2×2 = 64. ಒಂದೂ ಉಬ್ಬಿಲ್ಲದ ಖಾಲಿ ಜಾಗವನ್ನು ಬಿಟ್ಟರೆ 63 ಗುರುತುಗಳು. ನಮ್ಮ ಕನ್ನಡ ವರ್ಣಮಾಲೆ ಅದರಲ್ಲಿ ಹಾಯಾಗಿ ಹಿಡಿಸುತ್ತದೆ. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಹೊಂದುವ 'ಭಾರತಿ ಬ್ರೈಲ್' ರೂಪುಗೊಂಡಿತು. ಅದರಲ್ಲಿ ಕನ್ನಡದ 'ಕ', ಹಿಂದಿಯ 'ಕ', ತಮಿಳಿನ 'ಕ' ಮೂರಕ್ಕೂ ಒಂದೇ ಗುರುತು!

ಚುಕ್ಕೆಗಳಿಗೆ ಸಂಖ್ಯೆ ಕೊಟ್ಟಿದ್ದಾರೆ. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ ಮೇಲಿನಿಂದ ಕೆಳಕ್ಕೆ 4, 5, 6. 'ಕ' ಎಂದರೆ 1, 3. 'ಮ' ಎಂದರೆ 1, 3, 4. 'ಲ' ಎಂದರೆ 1, 2, 3. ಈ ಮೂರನ್ನು ಸಾಲಾಗಿ ಇಟ್ಟರೆ 'ಕಮಲ'. ಬರೆಯುವಾಗ ಹಾಳೆಯ ಹಿಂಬದಿಯಿಂದ ಮೊಂಡು ಮೊಳೆಯಂತಹ ಕಡ್ಡಿಯಿಂದ ಒತ್ತುತ್ತಾರೆ. ಹಾಳೆ ತಿರುಗಿಸಿದಾಗ ಚುಕ್ಕೆ ಉಬ್ಬಿ ಕಾಣುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ, ಕನ್ನಡಿಯ ಬಿಂಬದಂತೆ ಬರೆಯಬೇಕು, ಎಡದಿಂದ ಬಲಕ್ಕೆ ಓದಬೇಕು. ಹೀಗೆ ಬರೆಯುವ ಸಹಪಾಠಿಯ ಮಿದುಳು ಎಷ್ಟು ಚುರುಕಾಗಿರಬೇಕು ಯೋಚಿಸಿ.

ಮಾಡಿ ನೋಡಿ – 3

ಬ್ರೈಲ್ ಚುಕ್ಕೆಗಳ ನಡುವೆ ಸುಮಾರು 2.5 ಮಿಲಿಮೀಟರ್ ಅಂತರ ಇರುತ್ತದೆ. ಅಂಗೈ ಅಥವಾ ತೋಳಿನಿಂದ ಏಕೆ ಓದುವುದಿಲ್ಲ? ಗುಂಡಗಿನ ತುದಿಯ ಕೂದಲಿನ ಪಿನ್ನು ತೆಗೆದುಕೊಂಡು ಅದರ ಎರಡು ತುದಿಗಳ ನಡುವೆ 3 ಮಿಲಿಮೀಟರ್ ಅಂತರ ಇರುವಂತೆ ಬಾಗಿಸಿ. ಗೆಳತಿ ಕಣ್ಣು ಮುಚ್ಚಿರಲಿ. ಬೆರಳ ತುದಿಗೆ ಮೆಲ್ಲಗೆ ತಾಗಿಸಿ 'ಒಂದೋ ಎರಡೋ?' ಎಂದು ಕೇಳಿ. ಆಮೇಲೆ ಮುಂಗೈಗೆ ತಾಗಿಸಿ ಕೇಳಿ. ಬೆರಳಲ್ಲಿ 'ಎರಡು' ಎಂದವಳು ಮುಂಗೈಯಲ್ಲಿ 'ಒಂದು' ಎನ್ನುತ್ತಾಳೆ. ಅಂತರ ಹೆಚ್ಚಿಸುತ್ತ ಹೋಗಿ. ಮುಂಗೈಯಲ್ಲಿ ಎರಡು ಎಂದು ತಿಳಿಯಲು ಸುಮಾರು 3–4 ಸೆಂಟಿಮೀಟರ್ ಬೇಕಾಗುತ್ತದೆ. ಬೆರಳ ತುದಿಯ ಚರ್ಮದಲ್ಲಿ ಸ್ಪರ್ಶ ಗ್ರಾಹಕಗಳು ಅಷ್ಟು ಒತ್ತಾಗಿವೆ. ಕಣ್ಣು, ಮುಖದ ಬಳಿ ಪಿನ್ನು ಒಯ್ಯಬೇಡಿ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳಿದ್ದೀರಲ್ಲವೇ? ಅಲ್ಲಿ ಕಣ್ಣು ಕಾಣದ ನೂರಾರು ಮಕ್ಕಳು ಸಂಗೀತ ಕಲಿತು ಗವಾಯಿಗಳಾಗಿದ್ದಾರೆ. ಅವರನ್ನು ರೂಪಿಸಿದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಸ್ವತಃ ಅಂಧರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಕಲಿಯುವ ದಾರಿ ಸರಿಯಾಗಿ ಸಿಕ್ಕರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದು ನಮ್ಮ ಕಣ್ಣೆದುರಿನ ಸಾಕ್ಷಿ.

ಕಣ್ಣು ಮಂದವಾಗಿರುವ ಮಕ್ಕಳ ಸಂಖ್ಯೆ ಪೂರ್ತಿ ಕಾಣದ ಮಕ್ಕಳಿಗಿಂತ ಹೆಚ್ಚು. ಅವರು ಹಲಗೆಯನ್ನು ಕಣ್ಣು ಕಿರಿದಾಗಿಸಿ ನೋಡುತ್ತಾರೆ, ಪುಸ್ತಕವನ್ನು ಮೂಗಿನ ಬಳಿ ಹಿಡಿಯುತ್ತಾರೆ, ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುತ್ತಾರೆ. ಎಷ್ಟೋ ಜನರಿಗೆ ಒಂದು ಕನ್ನಡಕ ಸಾಕು. ಹಲಗೆಯ ಮೇಲೆ ಕಿಟಕಿಯ ಬೆಳಕು ಬಿದ್ದು ಹೊಳೆಯುತ್ತಿದ್ದರೆ ಚೆನ್ನಾಗಿ ಕಾಣುವವರಿಗೂ ಅಕ್ಷರ ಕಾಣದು. ಆ ಕಿಟಕಿಯ ಒಂದು ಬಾಗಿಲು ಮುಚ್ಚಿ ನೋಡಿ.

ಹೊರಗೆ ಕಾಣದ ತೊಂದರೆಗಳು

ಕಣ್ಣು, ಕಿವಿ ಎರಡೂ ಸರಿಯಿದ್ದು, ಬುದ್ಧಿಯೂ ಚೆನ್ನಾಗಿದ್ದು, ಓದುವುದೊಂದೇ ಕಷ್ಟವಾಗುವ ಮಕ್ಕಳಿದ್ದಾರೆ. ಇದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಅಕ್ಷರವನ್ನು ಧ್ವನಿಯೊಂದಿಗೆ ಹೊಂದಿಸುವ ಕೆಲಸಕ್ಕೆ ಅವರ ಮಿದುಳು ಹೆಚ್ಚು ಶ್ರಮಪಡಬೇಕಾಗುತ್ತದೆ. ಇಂತಹ ಗೆಳೆಯ ತಡವರಿಸಿ ಓದುವಾಗ ನಡುವೆ ಪದ ಹೇಳಿಕೊಡುವ ಅವಸರ ಬೇಡ. ಸಮಯ ಕೊಡಿ. ಪಾಠವನ್ನು ಜೋರಾಗಿ ಓದಿ ಹೇಳಿದರೆ ಆತ ಚೆನ್ನಾಗಿ ಗ್ರಹಿಸಬಲ್ಲ.

ಮಿದುಳಿನ ಪಾರ್ಶ್ವವಾಯು ಇರುವ ಮಗುವಿನ ಸ್ನಾಯುಗಳು ಹೇಳಿದಂತೆ ಕೇಳುವುದಿಲ್ಲ. ಮಾತು ತಡೆದು ತಡೆದು ಬರುತ್ತದೆ. ಇದರಿಂದ ತಿಳಿವಳಿಕೆಯೂ ಕಡಿಮೆ ಎಂದು ಭಾವಿಸಬೇಡಿ. ಉತ್ತರ ಅವನ ತಲೆಯಲ್ಲಿ ಸಿದ್ಧವಾಗಿರಬಹುದು, ತುಟಿಗೆ ಬರಲು ಅರ್ಧ ನಿಮಿಷ ಬೇಕಾಗಬಹುದು. ನಿಮ್ಮಲ್ಲಿ ಅರ್ಧ ನಿಮಿಷ ಕಾಯುವ ತಾಳ್ಮೆ ಇದೆಯೇ? ಇನ್ನು ಕೆಲವರಿಗೆ ಒಂದು ವಿಷಯ ಕಲಿಯಲು ಹೆಚ್ಚು ಸಲ ಹೇಳಿಕೊಡಬೇಕಾಗುತ್ತದೆ. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು ತೋರಿಸಿದರೆ ಅವರೂ ಕಲಿಯುತ್ತಾರೆ.

ಸಹಾಯ ಮಾಡುವ ಮುನ್ನ ಕೇಳಿ

ಐದು ನಿಮಿಷ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದರೆ ಅಂಧತ್ವ ಅರ್ಥವಾಗುತ್ತದೆಯೇ? ಪೂರ್ತಿ ಅರ್ಥವಾಗುವುದಿಲ್ಲ. ಆ ಐದು ನಿಮಿಷದಲ್ಲಿ ನಿಮಗೆ ತಿಳಿಯುವುದು ಭಯ ಮತ್ತು ಗೊಂದಲ ಮಾತ್ರ. ಹುಟ್ಟಿನಿಂದ ಕಾಣದ ಹುಡುಗಿಗೆ ಕೋಲಿನ ಸದ್ದು, ಗಾಳಿಯ ದಿಕ್ಕು, ನೆಲದ ಒರಟು ಎಲ್ಲವೂ ಗುರುತುಗಳು. ನಿಮಗೆ ತಿಳಿಯದ ಎಷ್ಟೋ ಉಪಾಯಗಳು ಅವಳಿಗೆ ಗೊತ್ತು. ಆದ್ದರಿಂದ ಏನು ಬೇಕು ಎಂದು ಹೇಳಬಲ್ಲವರು ಅವರೇ.

ಕೇಳದೆ ಕೈ ಹಿಡಿದು ಎಳೆಯಬೇಡಿ. 'ಬರಲೇ?' ಎಂದು ಕೇಳಿ. ಒಪ್ಪಿದರೆ ನಿಮ್ಮ ಮೊಣಕೈಯನ್ನು ಅವರು ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಗಾಲಿಕುರ್ಚಿಯನ್ನು ಕೇಳದೆ ತಳ್ಳಬೇಡಿ, ಅದು ಅವರ ಕಾಲಿದ್ದಂತೆ. ಕಿವಿ ಕೇಳಿಸದವರ ಎದುರಿಗೆ ಬಂದು, ಮುಖ ಕಾಣುವಂತೆ ನಿಂತು ಮಾತನಾಡಿ. ಕಿರುಚಿದರೆ ತುಟಿಯ ಆಕಾರ ಕೆಡುತ್ತದೆ, ಪ್ರಯೋಜನವಿಲ್ಲ. ಅವರ ಲೆಕ್ಕವನ್ನು ನೀವು ಬರೆದುಕೊಡಬೇಡಿ. ಬರೆದುಕೊಟ್ಟರೆ ಕಲಿತವರು ನೀವು, ಅವರಲ್ಲ. ಆಟದಲ್ಲಿ ಅವರನ್ನು ಅಂಕ ಎಣಿಸಲು ಕೂರಿಸುವ ಬದಲು ಆಟದ ನಿಯಮವನ್ನೇ ಸ್ವಲ್ಪ ಬದಲಾಯಿಸಿ. ಗೆಜ್ಜೆ ಕಟ್ಟಿದ ಚೆಂಡಿನಲ್ಲಿ ಎಲ್ಲರೂ ಆಡಬಹುದು. ಕುಂಟ, ಕುರುಡ, ಕೆಪ್ಪ ಎಂದು ಕರೆಯುವುದನ್ನು ಇಂದೇ ಬಿಡಿ. ಅವರಿಗೆ ಹೆಸರಿದೆ.

ಇದು ಉಪಕಾರವಲ್ಲ, ಹಕ್ಕು

1995ರ ಕಾನೂನು 7 ಬಗೆಯ ವಿಕಲತೆಗಳನ್ನು ಗುರುತಿಸಿತ್ತು. ಅದರ ಬದಲಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಓದುವ ತೊಂದರೆಯೂ ಅದರಲ್ಲಿ ಸೇರಿದೆ. ಕಾಯ್ದೆ ನಿಗದಿಪಡಿಸಿದ ಪ್ರಮಾಣದ ವಿಕಲತೆ ಇರುವ 6ರಿಂದ 18 ವರ್ಷದ ಪ್ರತಿ ಮಗುವಿಗೂ ಹತ್ತಿರದ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ನಿಮ್ಮ ಜೊತೆ ಕೂತು ಓದುವುದು ನೀವು ಮಾಡುವ ಉಪಕಾರವಲ್ಲ, ನಿಮಗಿರುವಷ್ಟೇ ಹಕ್ಕು.

ಸಹಪಾಠಿಗೆ ತೊಂದರೆ ಇದೆ ಎಂದು ನಿಮಗೆ ಅನ್ನಿಸಿದರೆ ಅದನ್ನು ತರಗತಿಯಲ್ಲಿ ಎಲ್ಲರೆದುರು ಹೇಳಬೇಡಿ. ಶಿಕ್ಷಕರಿಗೆ ಒಬ್ಬರೇ ಹೋಗಿ ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಸಾಧನ, ಸಲಕರಣೆಗಳನ್ನು ಪಡೆಯುವ ದಾರಿಯನ್ನು ಅವರು ತೋರಿಸುತ್ತಾರೆ. ವೈದ್ಯರು ಬರುವುದು ವರ್ಷಕ್ಕೊಮ್ಮೆ, ಶಿಕ್ಷಕರು ನೋಡಬೇಕಾದ ಮಕ್ಕಳು ಹಲವರು. ಅದೇ ಬೆಂಚಿನಲ್ಲಿ ದಿನವಿಡೀ ಕೂರುವವರು ನೀವು. ಮೊದಲು ಗಮನಿಸುವ ಅವಕಾಶ ನಿಮಗೇ ಹೆಚ್ಚು.

ನಿಮ್ಮ ಶಾಲೆಯನ್ನು ಅಳೆಯಿರಿ

ನಾಲ್ಕೈದು ಜನರ ಗುಂಪು ಮಾಡಿಕೊಂಡು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ. ವಿಶೇಷ ಅಗತ್ಯವುಳ್ಳ ಸಹಪಾಠಿ ಇದ್ದರೆ ಗುಂಪಿನ ನಾಯಕತ್ವ ಅವರಿಗೇ ಇರಲಿ.

1. ಗೇಟಿನಿಂದ ತರಗತಿಯವರೆಗೆ ಎಷ್ಟು ಮೆಟ್ಟಿಲುಗಳಿವೆ? ಇಳಿಜಾರಿನ ಉದ್ದ ಮತ್ತು ಎತ್ತರದ ಪ್ರಮಾಣ ಎಷ್ಟು? ಎರಡೂ ಬದಿ ಕೈಹಿಡಿ ಇದೆಯೇ?
2. ಶೌಚಾಲಯದ ಬಾಗಿಲಿನ ಅಗಲ ಎಷ್ಟು? ಗಾಲಿಕುರ್ಚಿ ಒಳಗೆ ಹೋಗಿ ತಿರುಗಬಲ್ಲುದೇ?
3. ನಲ್ಲಿ ನೆಲದಿಂದ ಎಷ್ಟು ಎತ್ತರದಲ್ಲಿದೆ? ಒಂದನೆಯ ತರಗತಿಯ ಮಗುವಿಗೆ ಎಟುಕುತ್ತದೆಯೇ?
4. ಶಿಕ್ಷಕರು ನಿಲ್ಲುವ ಜಾಗದಿಂದ ಕೊನೆಯ ಬೆಂಚಿಗೆ ಎಷ್ಟು ಮೀಟರ್? ಅಲ್ಲಿ ಕೂತು ಉಕ್ತಲೇಖನ ಬರೆದವರಿಗೆ ಎಷ್ಟು ತಪ್ಪು ಬಂತು? ಬೆಂಚಿನ ಕಾಲಿಗೆ ರಬ್ಬರ್ ಕಟ್ಟಿದ ಮೇಲೆ ಎಷ್ಟು ಬಂತು?
5. ಶಿಕ್ಷಕರ ಮುಖದ ಮೇಲೆ ಬೆಳಕು ಬೀಳುತ್ತದೆಯೇ? ಹಲಗೆಯ ಯಾವ ಭಾಗ ಹೊಳೆಯುತ್ತದೆ?
6. ಇವುಗಳಲ್ಲಿ ಹಣ ಖರ್ಚಿಲ್ಲದೆ ಈ ವಾರವೇ ಬದಲಾಯಿಸಬಹುದಾದವು ಎಷ್ಟು?

ಅಳತೆಗಳನ್ನು ಒಂದು ಪಟ್ಟಿಯಲ್ಲಿ ಬರೆದು ಮುಖ್ಯ ಶಿಕ್ಷಕರಿಗೆ ಕೊಡಿ. ಅದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಇಡಲು ಕೇಳಿಕೊಳ್ಳಿ. 'ಇಳಿಜಾರು ಸರಿಯಿಲ್ಲ' ಎಂದರೆ ಯಾರೂ ಗಮನಿಸದಿರಬಹುದು. '45 ಸೆಂಟಿಮೀಟರ್ ಎತ್ತರಕ್ಕೆ 5 ಮೀಟರ್ 40 ಸೆಂಟಿಮೀಟರ್ ಉದ್ದ ಬೇಕು, ನಮ್ಮಲ್ಲಿರುವುದು 2 ಮೀಟರ್' ಎಂದು ಅಳತೆ ಸಮೇತ ಬರೆದುಕೊಟ್ಟರೆ ಅದಕ್ಕೆ ಉತ್ತರ ಹೇಳಲೇಬೇಕಾಗುತ್ತದೆ. ಆರನೆಯ ಪ್ರಶ್ನೆಯ ಪಟ್ಟಿಗೆ ಮಾತ್ರ ಯಾವ ಸಭೆಗೂ ಕಾಯಬೇಡಿ. ಇಳಿಜಾರಿನ ಮೇಲೆ ನಿಂತಿರುವ ಸೈಕಲ್ಲುಗಳನ್ನು ಪಕ್ಕಕ್ಕೆ ಸರಿಸುವುದರಿಂದಲೇ ಪ್ರಾರಂಭಿಸಿ.